ಕಣ್ಣಿಗೆ ಚಿಪ್ ಕೇಳಿಕೊಂಡು ಬಂದವರು: ನಾಪೋಕ್ಲು ಕಡೆಯ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಗೆ 52 ವರ್ಷ. ಕೊಡಗಿನ ನಾಪೋಕ್ಲು ಕಡೆಯವರು. ರೋಬಸ್ಟಾ ತೋಟ ಇದೆ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ, ಕೆಳಗೆ ಸ್ವಲ್ಪ ಗದ್ದೆ. ಮನೆಯಲ್ಲಿ ತಾಯಿ ಮತ್ತು ಹೆಂಡತಿ ಇದ್ದಾರೆ. ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ನಾನು ಕಣ್ಣು ಪರೀಕ್ಷೆ ಮಾಡುವವಳು. ದೃಷ್ಟಿ ಕಡಿಮೆಯಾದವರಿಗೆ ಉಳಿದ ದೃಷ್ಟಿಯಲ್ಲೇ ಓಡಾಡಲು, ಓದಲು ಕಲಿಸುವುದೂ ನನ್ನ ಕೆಲಸ. ಆಪರೇಷನ್ ಮಾಡುವ ಡಾಕ್ಟರ್ ನಾನಲ್ಲ.

2025ರ ಅಕ್ಟೋಬರ್ ಕೊನೆಯಲ್ಲಿ ಮಗಳು ಅಪ್ಪನನ್ನು ಕರೆದುಕೊಂಡು ಬಂದಳು. ಅಜ್ಜಿಯೂ ಜೊತೆಗೆ ಬಂದಿದ್ದರು. ಮಗಳ ಫೋನಿನಲ್ಲಿ ಒಂದು ಸುದ್ದಿ ಇತ್ತು. ಕಣ್ಣೊಳಗೆ ಅಕ್ಕಿ ಕಾಳಿಗಿಂತ ಚಿಕ್ಕ ಚಿಪ್ ಇಟ್ಟರು, ಕಾಣದವರು ಮತ್ತೆ ಅಕ್ಷರ ಓದಿದರು ಅಂತ. ಕುರ್ಚಿಯಲ್ಲಿ ಕೂರುವ ಮೊದಲೇ ಅಪ್ಪ ಕೇಳಿದರು: "ಮೇಡಂ, ಎರಡು ಎಕರೆ ಕೊಟ್ಟರೆ ಇದು ಆಗುತ್ತಾ? ಆಗುವುದಾದರೆ ಇವತ್ತೇ ಹೇಳಿ, ಕೊಟ್ಟುಬಿಡ್ತೀನಿ."

ತೋಟ ಮಾರುವ ಮಾತು ಕೊಡಗಿನಲ್ಲಿ ಯಾರೂ ಸುಮ್ನೆ ಆಡುವುದಿಲ್ಲ. ಹಾಗಾಗಿ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು ಅನ್ನಿಸಿತು. "ಇಂಡಿಯಾದಲ್ಲಿ ಸಿಗಲ್ಲ, ಹೋಗಿ ಬನ್ನಿ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಈ ಮನೆಯವರಿಗೆ ಅಂಥ ಒಂದೇ ಸಾಲಿನ ಉತ್ತರದಿಂದಲೇ ಮೊದಲು ತುಂಬಾ ನಷ್ಟವಾಗಿತ್ತು.

ಹಿನ್ನೆಲೆ

ತೊಂದರೆ ಗೊತ್ತಾಗಿದ್ದು ಹದಿನಾರನೇ ವಯಸ್ಸಿನಲ್ಲಿ, ಹುತ್ತರಿ ಸುಗ್ಗಿ ಹಬ್ಬದ ರಾತ್ರಿ. ಹೊಸ ಭತ್ತದ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಇಳಿದರು. ಹುಣ್ಣಿಮೆಯ ಬೆಳಕು, ಕೈಯಲ್ಲಿ ದೀಪ. ಉಳಿದವರು ಬದುವಿನ ಮೇಲೆ ಆರಾಮಾಗಿ ನಡೆದರು. ಇವರು ಹೆಜ್ಜೆ ತಪ್ಪಿ ಕೆಸರಿಗೆ ಬಿದ್ದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಮರುವರ್ಷವೂ ಹಾಗೇ ಆಯಿತು. ಆಮೇಲೆ ಕದಿರು ತೆಗೆಯಲು ಹೋಗುವುದನ್ನೇ ನಿಲ್ಲಿಸಿದರು, ಮನೆಯಲ್ಲೇ ಕಾಯುತ್ತೇನೆ ಅನ್ನುತ್ತಿದ್ದರು.

ಕಣ್ಣಿನ ಹಿಂಭಾಗದ ತೆಳು ಪದರವೇ ರೆಟಿನಾ. ಅದರಲ್ಲಿ ಬೆಳಕು ಹಿಡಿಯುವ ಕಣಗಳು ಎರಡು ಥರ. ರಾಡ್ ಕಣಗಳು ಸುಮಾರು 12 ಕೋಟಿ. ಮಬ್ಬು ಬೆಳಕಿನಲ್ಲಿ ಕಾಣುವುದಕ್ಕೆ, ಪಕ್ಕದಲ್ಲಿ ಏನಿದೆ ಎಂದು ತಿಳಿಯುವುದಕ್ಕೆ ಇವೇ ಬೇಕು. ಕೋನ್ ಕಣಗಳು ಸುಮಾರು 60 ಲಕ್ಷ. ಓದುವುದು, ಮುಖ ಗುರುತಿಸುವುದು, ಬಣ್ಣ ನೋಡುವುದು ಇವುಗಳ ಕೆಲಸ. ಇವರಿಗಿರುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶವಾಹಿ ಕಾಯಿಲೆಯಲ್ಲಿ ಮೊದಲು ಸಾಯುವುದು ರಾಡ್ ಕಣಗಳು. ಈ ಕಾಯಿಲೆಯನ್ನು ಎಲ್ಲರೂ ಆರ್‌ಪಿ ಅಂತಲೇ ಕರೆಯುತ್ತಾರೆ. ಮೊದಲು ಇರುಳುಗುರುಡು ಬರುತ್ತದೆ. ಆಮೇಲೆ ಅಂಚುಗಳು ಕರಗುತ್ತಾ ಬಂದು, ಕೊಳವೆಯಲ್ಲಿ ಇಣುಕಿದ ಹಾಗೆ ನಡುವಿನ ಸ್ವಲ್ಪ ಜಾಗ ಮಾತ್ರ ಉಳಿಯುತ್ತದೆ. ಕೊನೆಗೆ ಕೋನ್ ಕಣಗಳಿಗೂ ಪೆಟ್ಟು ಬೀಳುತ್ತದೆ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ರಕ್ತಸಂಬಂಧದಲ್ಲಿ ಮದುವೆಯಾಗುವ ಕಡೆ ಜಾಸ್ತಿ ಕಾಣುತ್ತದೆ. ಇವರ ತಂದೆ ಮದುವೆಯಾಗಿದ್ದು ಸೋದರಮಾವನ ಮಗಳನ್ನು. ಇವರ ತಂಗಿಗೂ ರಾತ್ರಿ ಕಾಣುವುದಿಲ್ಲ.

ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ದೊಡ್ಡ ಊರಿನ ಆಸ್ಪತ್ರೆಗೆ ಹೋದರು. ಕಾಯಿಲೆಯ ಹೆಸರು ಗೊತ್ತಾಯಿತು. ಜೊತೆಗೆ ಇನ್ನೊಂದು ಮಾತೂ ಸಿಕ್ಕಿತು: "ನಿಮ್ಮ ಕಣ್ಣಿನ ನರ ವೀಕ್, ಇದಕ್ಕೆ ಔಷಧಿ ಇಲ್ಲ." ಅಷ್ಟೇ. ಅವರು ಮನೆಗೆ ಬಂದರು. ಮತ್ತೆ ಯಾವ ಕಣ್ಣಿನ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಔಷಧಿ ಇಲ್ಲದ ಕಾಯಿಲೆಗೆ ಮಳೆಯಲ್ಲಿ ಘಾಟಿ ಇಳಿದು ಯಾಕೆ ಹೋಗಬೇಕು? ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ತೋರಿಸಲು ಹೋದರೆ ಒಂದಿಡೀ ದಿನ ಹೋಗುತ್ತದೆ, ಒಬ್ಬರು ಜೊತೆಗೂ ಬೇಕು.

ನಡುವೆ ಒಂದು ಘಟನೆ ಆಗಿತ್ತು. ಯಾವುದೋ ನಗರದ ಕ್ಲಿನಿಕ್ ಒಂದು ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಕೊಟ್ಟರೆ ದೃಷ್ಟಿ ಬರುತ್ತದೆ ಎಂದು ಫೋನ್ ಮೇಲೆ ಫೋನ್ ಮಾಡಿ, ಮುಂಗಡವನ್ನೂ ತೆಗೆದುಕೊಂಡಿತ್ತು. ತಾಯಿಗೆ ಹುಷಾರು ತಪ್ಪಿದ್ದರಿಂದ ಇವರು ಹೋಗಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಹಣ ಹೋದರೂ ಕಣ್ಣು ಉಳಿಯಿತು ಅಂತಲೇ ನಾನು ಹೇಳುತ್ತೇನೆ. ಅಮೆರಿಕದ ಫ್ಲೋರಿಡಾದಲ್ಲಿ ಇಂಥದೇ ಕ್ಲಿನಿಕ್ ಒಂದರಲ್ಲಿ ಕಣ್ಣಿಗೆ ಕಾಂಡಕೋಶ ಚುಚ್ಚಿಸಿಕೊಂಡ ಮೂವರು ಮಹಿಳೆಯರು ಇದ್ದ ದೃಷ್ಟಿಯನ್ನೂ ಕಳೆದುಕೊಂಡರು. 2017ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದಲೇ ಲಕ್ಷಗಟ್ಟಲೆ ಕೇಳುತ್ತಿದ್ದಾರೆ ಅಂದರೆ ಅಲ್ಲಿಂದ ಎದ್ದು ಬರಬೇಕು.

ಚಿಪ್ ನಿಜವಾಗಿ ಏನು ಮಾಡುತ್ತದೆ

ಮಗಳು ತೋರಿಸಿದ ಸುದ್ದಿ ಸುಳ್ಳಲ್ಲ. ಆ ಚಿಪ್‌ನ ಹೆಸರು ಪ್ರೈಮಾ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ರೂಪಿಸಿದ್ದು. 2 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ, ತಲೆಕೂದಲಿಗಿಂತ ತೆಳು. ಅದರಲ್ಲಿ 378 ಪಿಕ್ಸೆಲ್ ಇವೆ. ವೈರ್ ಇಲ್ಲ, ಬ್ಯಾಟರಿ ಇಲ್ಲ. ಹಾಕಿಕೊಳ್ಳುವ ಕನ್ನಡಕದಲ್ಲಿ ಕ್ಯಾಮೆರಾ ಇರುತ್ತದೆ. ಅದು ಹಿಡಿದ ಚಿತ್ರವನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಾಗಿ ಒಳಗೆ ಬಿಡುತ್ತಾರೆ. ಚಿಪ್ ಆ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ ರೆಟಿನಾದ ಒಳಪದರದ ನರಕಣಗಳನ್ನು ತಟ್ಟುತ್ತದೆ. ಬೆಳಕು ಹಿಡಿಯುವ ಕಣಗಳು ಸತ್ತರೂ ಈ ಒಳಗಿನ ನರಕಣಗಳಲ್ಲಿ ಅನೇಕ ಉಳಿದಿರುತ್ತವೆ. ರೆಟಿನಾಗೆ ಇಡುವ ಇಂಥ ಸಾಧನಗಳೆಲ್ಲವೂ ನಂಬಿರುವುದು ಇದೊಂದನ್ನೇ.

2025ರ ಅಕ್ಟೋಬರ್‌ನಲ್ಲಿ ಬಂದ ಫಲಿತಾಂಶ ನಿಜಕ್ಕೂ ಸಂತೋಷ ಕೊಡುವಂಥದ್ದು. ಯುರೋಪಿನ 5 ದೇಶಗಳಲ್ಲಿ 38 ಜನರಿಗೆ ಚಿಪ್ ಇಟ್ಟಿದ್ದರು. ಒಂದು ವರ್ಷದ ಪರೀಕ್ಷೆ ಮುಗಿಸಿದ 32 ಜನರಲ್ಲಿ 26 ಜನರಿಗೆ ದೃಷ್ಟಿಯಲ್ಲಿ ಗಟ್ಟಿಯಾದ ಸುಧಾರಣೆ ಕಂಡಿತು. ನಡುದೃಷ್ಟಿ ಪೂರ್ತಿ ಹೋಗಿದ್ದವರು ಅಕ್ಷರ, ಅಂಕಿ, ಪದ ಓದಿದರು. ಇದನ್ನು ಓದಿದ ದಿನ ನನಗೂ ಖುಷಿಯಾಗಿತ್ತು.

ಆದರೆ ಅವರ ಕಾಯಿಲೆ ಬೇರೆ. ಅದು ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ ಸವೆತ, ಅಂದರೆ ರೆಟಿನಾದ ನಡುಭಾಗದ ಸವೆತ. ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು ಸುಮಾರು 79. ಅವರಿಗೆ ನಡುಭಾಗ ಹೋಗಿರುತ್ತದೆ, ಅಂಚು ಉಳಿದಿರುತ್ತದೆ. ನಮ್ಮ ನಾಪೋಕ್ಲು ಬೆಳೆಗಾರರಿಗೆ ಇದು ಪೂರ್ತಿ ತಿರುಗಾಮುರುಗಾ: ಅಂಚು ಹೋಗಿದೆ, ನಡುಭಾಗ ಉಳಿದಿದೆ. ಪ್ರೈಮಾ ಚಿಪ್ ಇಡುವುದು ರೆಟಿನಾದ ನಡುಭಾಗದ ಕೆಳಗೇ. ಎರಡು ಮಿಲಿಮೀಟರ್ ಎಂದರೆ ನೋಟದಲ್ಲಿ ಸುಮಾರು 7 ಡಿಗ್ರಿ. ಇವರಿಗೆ ಉಳಿದಿರುವ ನೋಟವೇ 10 ಡಿಗ್ರಿಗಿಂತ ಕಡಿಮೆ. ಅಂದರೆ ಈಗ ಮಗಳ ಮುಖ ನೋಡುತ್ತಿರುವ, ಲೆಕ್ಕದ ಪುಸ್ತಕ ಓದುತ್ತಿರುವ ಆ ಚಿಕ್ಕ ಜಾಗದ ಕೆಳಗೇ ಚಿಪ್ ತೂರಿಸಬೇಕಾಗುತ್ತದೆ. ಎರಡು ಎಕರೆ ಮಾರಿ, ಉಳಿದದ್ದನ್ನೂ ಕಳೆದುಕೊಂಡ ಹಾಗಾಗುತ್ತದೆ.

ಇದನ್ನು ನಾನು ಕಾಗದದ ಮೇಲೆ ಎರಡು ವೃತ್ತ ಬರೆದು ತೋರಿಸಿದೆ. ಮಗಳಿಗೆ ತಕ್ಷಣ ಅರ್ಥವಾಯಿತು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದರೆ ನನ್ನ ಕಾಯಿಲೆಗೆ ಅಂತ ಯಾವುದೂ ಬಂದೇ ಇಲ್ವಾ?"

ಬಂದಿತ್ತು. ಆ ಕಥೆಯನ್ನೂ ಬಿಡದೆ ಹೇಳಿದೆ, ಯಾಕೆಂದರೆ ದುಡ್ಡು ಹಾಕುವವರು ಮೊದಲು ಕೇಳಬೇಕಾದ ಕಥೆ ಅದು. ಆರ್ಗಸ್ 2 ಎಂಬ ಸಾಧನ. ಅಮೆರಿಕದ ಸೆಕೆಂಡ್ ಸೈಟ್ ಕಂಪನಿ ಮಾಡಿದ್ದು, ಮಾರ್ಕ್ ಹುಮಾಯೂನ್ ಎಂಬ ಕಣ್ಣಿನ ವೈದ್ಯರ ದೊಡ್ಡ ಪಾಲಿತ್ತು. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆರ್‌ಪಿಯವರಿಗೇ ಮಾಡಿದ್ದು. ಆದರೆ ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ಗೊತ್ತಾಗುವ ಹಂತಕ್ಕೆ ಬಂದವರಿಗೆ ಮಾತ್ರ. ಕಣ್ಣೊಳಗೆ 60 ಎಲೆಕ್ಟ್ರೋಡ್, ಕನ್ನಡಕದಲ್ಲಿ ಕ್ಯಾಮೆರಾ, ಸೊಂಟಕ್ಕೆ ಒಂದು ಪೆಟ್ಟಿಗೆ. ಬೆಲೆ ಸುಮಾರು 1.5 ಲಕ್ಷ ಡಾಲರ್. ಆರೋಗ್ಯವಂತ ಕಣ್ಣಿನಿಂದ ಮೆದುಳಿಗೆ 10 ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಹೋಗುತ್ತವೆ. ಅಲ್ಲಿ 60 ಚುಕ್ಕೆಯಲ್ಲಿ ಏನು ಕಂಡೀತು? ಬಾಗಿಲಿನ ಚೌಕಟ್ಟು, ಬಿಳಿ ಗೋಡೆಯ ಮುಂದೆ ನಿಂತ ಮನುಷ್ಯನ ಆಕಾರ, ರಸ್ತೆಯ ಗೆರೆ. ಪೂರ್ತಿ ಕತ್ತಲಲ್ಲಿದ್ದವರಿಗೆ ಅದು ಚಿಕ್ಕದೇನಲ್ಲ. ಅದರಲ್ಲಿ ಅಳೆದ ಅತ್ಯುತ್ತಮ ದೃಷ್ಟಿ 20/1260. ನಮ್ಮ ಲೆಕ್ಕದಲ್ಲಿ 6/378. ಬೇರೆಯವರು 378 ಮೀಟರ್ ದೂರದಿಂದ ಕಾಣುವುದನ್ನು ಈ ಸಾಧನ ಹಾಕಿಸಿಕೊಂಡವರು 6 ಮೀಟರ್ ಹತ್ತಿರ ಬಂದು ಕಾಣುತ್ತಾರೆ. ನಮ್ಮ ಬೆಳೆಗಾರರು ಅವತ್ತು ಕುರ್ಚಿಯಲ್ಲಿ ಕೂತು ಓದಿದ್ದು 6/36. ಆ ಸಾಧನ ಕೊಡುವುದಕ್ಕಿಂತ ಹತ್ತು ಪಟ್ಟು ಉತ್ತಮ ದೃಷ್ಟಿ ಇಟ್ಟುಕೊಂಡು ಚಿಪ್ ಕೇಳಲು ಬಂದಿದ್ದರು.

ಆಮೇಲೆ ಆದದ್ದು ಇನ್ನೂ ಬೇಸರದ ವಿಷಯ. ಜಗತ್ತಿನಲ್ಲಿ ಸುಮಾರು 350 ಜನ ಆರ್ಗಸ್ 2 ಹಾಕಿಸಿಕೊಂಡಿದ್ದರು. 2019ರಲ್ಲಿ ಕಂಪನಿ ಅದನ್ನು ಕೈಬಿಟ್ಟು, ಮೆದುಳಿಗೇ ಇಡುವ ಸಾಧನದ ಕಡೆ ಹೊರಳಿತು. 2020ರ ಮಾರ್ಚ್‌ನಲ್ಲಿ ಕೆಲಸಗಾರರಲ್ಲಿ ಹೆಚ್ಚಿನವರನ್ನು ತೆಗೆಯಿತು. ಸಾಧನ ಕಣ್ಣೊಳಗೆ ಉಳಿಯಿತು, ನೋಡಿಕೊಳ್ಳುವವರು ಹೋದರು. ಪೆಟ್ಟಿಗೆ ಕೆಟ್ಟವರಿಗೆ ಕಂಪನಿಯಿಂದ ಬದಲಿ ಸಿಗಲಿಲ್ಲ. ಎಂಆರ್‌ಐ ಮಾಡಿಸಬಹುದೋ ಇಲ್ಲವೋ ಎಂದು ಕೇಳಿದರೆ ಉತ್ತರ ಕೊಡುವವರಿರಲಿಲ್ಲ. ಜರ್ಮನಿಯ ರೆಟಿನಾ ಇಂಪ್ಲಾಂಟ್ ಎಂಬ ಕಂಪನಿ ಆಲ್ಫಾ ಎಂಬ ಚಿಪ್ ಮಾಡಿತ್ತು, ಸುಮಾರು 1,500 ಬೆಳಕಿನ ಬಿಂದುಗಳದ್ದು. ಆ ಕಂಪನಿಯೂ 2019ರಲ್ಲಿ ಬಾಗಿಲು ಹಾಕಿತು. ಪ್ರೈಮಾವನ್ನು ಬೆಳೆಸಿದ ಫ್ರಾನ್ಸಿನ ಪಿಕ್ಸಿಯಂ ವಿಷನ್ ದಿವಾಳಿಯ ಅಂಚಿಗೆ ಬಂದು, 2024ರಲ್ಲಿ ಅದನ್ನು ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಕೊಂಡಿತು. ಹಾಗಾಗಿಯೇ ಆ ಚಿಪ್ ಇವತ್ತು ಉಳಿದಿದೆ.

ತಂತ್ರಜ್ಞಾನ ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಣ್ಣೊಳಗಿನ ಯಂತ್ರ ಹತ್ತಿಪ್ಪತ್ತು ವರ್ಷ ಇರಬೇಕು. ಅಷ್ಟು ಕಾಲ ಬಿಡಿಭಾಗ ಕೊಡುವವರು, ಸೆಟ್ಟಿಂಗ್ ಮಾಡುವವರು, ಚುಕ್ಕೆಗಳಿಂದ ವಸ್ತು ಗುರುತಿಸಲು ತಿಂಗಳುಗಟ್ಟಲೆ ಕಲಿಸುವವರು ಬೇಕು. ಮುಂಗಾರಿನಲ್ಲಿ ದಿನಗಟ್ಟಲೆ ಕರೆಂಟ್ ಇರದ, ಮೊಬೈಲ್ ಸಿಗ್ನಲ್ ಹೋಗುವ ನಮ್ಮ ಊರುಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಾಳೆ ಆರ್‌ಪಿಗೂ ಒಳ್ಳೆಯ ಚಿಪ್ ಬರಬಹುದು. ಬಂದಾಗ "ಎಷ್ಟು ಕಾಣುತ್ತದೆ" ಎಂದು ಕೇಳುವ ಮೊದಲು "ಕಂಪನಿ ಮುಚ್ಚಿದರೆ ನನ್ನ ಕಣ್ಣಿನ ಗತಿ ಏನು, ಬರೆದು ಕೊಡಿ" ಎಂದು ಕೇಳಬೇಕು. ಇದನ್ನು ಮಗಳಿಗೆ ಬರೆಸಿಯೇ ಕಳಿಸಿದೆ.

ಅಜ್ಜಿ ಇಷ್ಟು ಹೊತ್ತೂ ಕೇಳುತ್ತಾ ಕೂತಿದ್ದರು. ಆಮೇಲೆ ಹೇಳಿದರು: "ಮಗಳೇ, ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟರಲ್ಲ, ನಾಲ್ಕು ಜನಕ್ಕೆ ಕಾಣಿಸಿತಂತೆ. ನನ್ನದು ಒಂದನ್ನು ಇವನಿಗೆ ಹಾಕಿ. ನನಗೆ ಒಂದು ಸಾಕು." ಇದಕ್ಕೆ ಉತ್ತರ ಕೊಡುವುದು ನನಗೆ ಕಷ್ಟವಾಯಿತು. ದಾನದ ಕಣ್ಣಿನಿಂದ ತೆಗೆದು ಬೇರೆಯವರಿಗೆ ಜೋಡಿಸುವುದು ಕಾರ್ನಿಯಾ ಮಾತ್ರ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ. ಇವರ ತೊಂದರೆ ಹಿಂದಿನ ಪದರದಲ್ಲಿದೆ, ಅದನ್ನು ಒಬ್ಬರಿಂದ ಒಬ್ಬರಿಗೆ ಹಾಕಲು ಬರುವುದಿಲ್ಲ. ಬದುಕಿರುವವರ ಕಣ್ಣನ್ನು ದಾನಕ್ಕೆ ತೆಗೆಯುವುದೂ ಇಲ್ಲ. ಅಜ್ಜಿ ಒಪ್ಪಿಕೊಂಡರು, ಆದರೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಪರೀಕ್ಷೆಯಲ್ಲಿ ಸಿಕ್ಕಿದ್ದು

ಚಿಪ್‌ನ ಮಾತು ಮುಗಿದ ಮೇಲೆ ಕಣ್ಣು ನೋಡಿದೆ. ಎರಡೂ ಕಣ್ಣಲ್ಲಿ ಪೊರೆ ಇತ್ತು, ಮಸೂರದ ಹಿಂಭಾಗದಲ್ಲಿ, ಸರಿಯಾಗಿ ನಡುವೆ. ಆರ್‌ಪಿ ಇರುವವರಿಗೆ ಈ ಥರದ ಪೊರೆ ಬೇಗನೆ ಬರುವುದು ತುಂಬಾ ಸಾಮಾನ್ಯ. ಚಿಕ್ಕದಾದರೂ ಅದು ಕೂರುವ ಜಾಗ ಕೆಟ್ಟದ್ದು. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಬೆಳಕು ಬರುವ ದಾರಿಗೇ ಅಡ್ಡ ನಿಲ್ಲುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಮಧ್ಯಾಹ್ನ ಏನೂ ಕಾಣುವುದಿಲ್ಲ, ಬರೀ ಬಿಳಿ ಎಂದು ಅವರು ಹೇಳುತ್ತಿದ್ದುದು ಇದನ್ನೇ. ಕಾಯಿಲೆ ಮುಂದುವರಿಯಿತು ಎಂದು ಅವರು ತಿಳಿದುಕೊಂಡಿದ್ದರು.

ಅಲ್ಲಿಂದ ಮೈಸೂರಿಗೆ ಕಳಿಸಿದೆವು. ರೆಟಿನಾ ಡಾಕ್ಟರ್ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿದರು. ನಡುಭಾಗದಲ್ಲಿ ನೀರು ತುಂಬಿ ಊತ ಬಂದಿತ್ತು. ಇದೂ ಆರ್‌ಪಿಯ ಜೊತೆ ಬರುವಂಥದ್ದೇ, ಇದಕ್ಕೂ ಔಷಧಿ ಇದೆ. ಗ್ಲಾಕೋಮಾಗೆ ಬಳಸುವ ಡಾರ್ಜೋಲಮೈಡ್ ಹನಿ ಕೆಲವರಿಗೆ ಈ ಊತ ಇಳಿಸುತ್ತದೆ. ಇವರಿಗೆ ಇಳಿಸಿತು. ಆಮೇಲೆ ಪೊರೆ ಆಪರೇಷನ್. ಆರ್‌ಪಿ ಕಣ್ಣಿನಲ್ಲಿ ಮಸೂರ ಹಿಡಿದಿರುವ ಎಳೆಗಳು ಸಡಿಲ ಇರಬಹುದು, ಆಪರೇಷನ್ ಆದ ಮೇಲೆ ಊತ ಮರಳಬಹುದು, ಅಂಚು ಮಾತ್ರ ವಾಪಸ್ ಬರುವುದೇ ಇಲ್ಲ. ಇದೆಲ್ಲವನ್ನೂ ಡಾಕ್ಟರ್ ಮೊದಲೇ ಬಿಡಿಸಿ ಹೇಳಿದರು. ಅದು ನನಗೆ ಬಹಳ ಹಿಡಿಸಿತು. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಕಣ್ಣು, ಕಾಫಿ ಹೂ ಅರಳಿಸುವ ಹೂಮಳೆ ಕಳೆದ ಮೇಲೆ ಇನ್ನೊಂದು. 6/36 ಇದ್ದದ್ದು 6/18 ಆಯಿತು. ಬಿಳಿ ಮಂಜು ಹೋಯಿತು.

ಹದಿನಾಲ್ಕು ವರ್ಷದ ಹಿಂದೆ "ಔಷಧಿ ಇಲ್ಲ" ಎಂದವರು ಸುಳ್ಳು ಹೇಳಿರಲಿಲ್ಲ. ಸತ್ತ ರಾಡ್ ಕಣಗಳಿಗೆ ಇವತ್ತೂ ಔಷಧಿ ಇಲ್ಲ. ಆದರೆ "ವರ್ಷಕ್ಕೊಮ್ಮೆ ಬನ್ನಿ, ಪೊರೆ ಬರಬಹುದು, ಊತ ಬರಬಹುದು, ಅವನ್ನು ಸರಿಮಾಡಬಹುದು" ಎಂಬ ಇನ್ನೊಂದು ಸಾಲು ಸೇರಿಸಿದ್ದರೆ ಈ ಮನುಷ್ಯ ಅಷ್ಟು ವರ್ಷ ಆ ಬಿಳಿ ಮಂಜಿನಲ್ಲಿ ಓಡಾಡಬೇಕಿರಲಿಲ್ಲ. ಕೊನೆಗೆ ಅವರನ್ನು ಮನೆಯಿಂದ ಹೊರಡಿಸಿದ್ದು ಅವರಿಗೆ ಹೊಂದದ ಒಂದು ಚಿಪ್‌ನ ಸುದ್ದಿ. ಅದಕ್ಕೇ ಇಂಥ ಸುದ್ದಿ ಹಿಡಿದುಕೊಂಡು ಬಂದವರನ್ನು ಯಾರೂ ಗದರಿಸಬಾರದು ಅನ್ನುತ್ತೇನೆ. ಬಂದರಲ್ಲ, ಕೂರಿಸಿ ಕಣ್ಣು ನೋಡಿ.

ರಕ್ತದ ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ಕಾರಣ ಇತ್ತು. ಆರ್‌ಪಿಇ65 ಎಂಬ ಜೀನ್ ಕೆಟ್ಟವರಿಗೆ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಬೆಲೆ ಎರಡೂ ಕಣ್ಣಿಗೆ 8.5 ಲಕ್ಷ ಡಾಲರ್. ಆರ್‌ಪಿ ತರುವ ಜೀನ್‌ಗಳು ಹತ್ತಾರು, ಇವರದ್ದು ಆರ್‌ಪಿಇ65 ಅಲ್ಲ. ಆದರೂ ಯಾವ ಜೀನ್ ಎಂದು ಗೊತ್ತಿರುವುದು ಮುಂದೆ ಕೆಲಸಕ್ಕೆ ಬರುತ್ತದೆ. ಮಗಳಿಗೂ ಒಂದು ಉತ್ತರ ಸಿಕ್ಕಿತು. ಅಪ್ಪ ಅಮ್ಮ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸುವ ಬಗೆ ಇದು. ಅವಳಲ್ಲಿ ಕೆಟ್ಟ ಪ್ರತಿ ಒಂದೇ ಇರುತ್ತದೆ, ಕಾಯಿಲೆ ಇಲ್ಲ. ಸಂಬಂಧದೊಳಗೆ ಮದುವೆ ಬೇಡ ಎಂದು ಅವಳೇ ಅಜ್ಜಿಗೆ ಹೇಳಿದಳು.

ತೋಟದಲ್ಲಿ ನಡೆಯುವುದು

ಬಿಳಿ ಕೋಲು ಅಂದ ತಕ್ಷಣ ಅವರ ಮುಖ ಗಂಟಾಯಿತು. ಊರಿನವರು ಏನಂತಾರೆ ಎನ್ನುವ ಸಂಕೋಚ. ತೋಟದ ಇಳಿಜಾರಿನಲ್ಲಿ ಪೇಟೆಯ ಕೋಲು ಅಷ್ಟು ಸುಲಭವೂ ಅಲ್ಲ, ತರಗೆಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮನೆಯ ಬಿದಿರಿನ ಕೋಲಿನಲ್ಲೇ ಶುರು ಮಾಡಿದೆವು. ಒಂದು ಹೆಜ್ಜೆ ಮುಂದೆ ಎಡ ಬಲ ತಟ್ಟುತ್ತಾ ಹೋಗುವುದು, ಕತ್ತನ್ನು ನಿಧಾನ ತಿರುಗಿಸಿ ಪಕ್ಕದ್ದನ್ನು ಹುಡುಕಿ ನೋಡುವುದು. ಅವರು ಜಾಸ್ತಿ ಬೀಳುತ್ತಿದ್ದುದು ನೀರು ಇಂಗಿಸಲು ತೆಗೆದ ತೊಟ್ಟಿಲು ಗುಂಡಿಗಳಿಗೆ. ಓಡಾಡುವ ದಾರಿಯ ಪಕ್ಕದ ಗುಂಡಿಗಳಿಗೆ ಸುಣ್ಣ ಬಳಿದ ಗೂಟ ನೆಡಿಸಿದೆವು. ಟಾರ್ಚ್ ಬದಲಿಸಿದೆವು. ದೂರಕ್ಕೆ ಚೂಪಾಗಿ ಬೀಳುವ ಬೆಳಕು ಆರ್‌ಪಿಯವರಿಗೆ ಪ್ರಯೋಜನವಿಲ್ಲ, ಕಾಲಬುಡದಲ್ಲಿ ಅಗಲಕ್ಕೆ ಹರಡುವ ಬೆಳಕು ಬೇಕು. ಆನೆ ಓಡಾಟ ಇರುವ ದಿನ ಮಾತ್ರ ಒಬ್ಬರೇ ಹೋಗಬಾರದು ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು. ಪಕ್ಕದಲ್ಲಿ ನಿಂತ ಆನೆ ಕಾಣದವರಿಗೆ ಯಾವ ಕೋಲೂ ಸಾಲದು.

ಫೋನಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡದಲ್ಲೇ ಓದುತ್ತದೆ. ಕಾಫಿ ರೇಟಿನ ಮೆಸೇಜನ್ನು ಈಗ ಅವರು ಕೇಳಿಸಿಕೊಳ್ಳುತ್ತಾರೆ.

ಒಂದು ವಿಷಯ ಮಾತ್ರ ಎಳೆದಾಡಿತು. ಅಂಗವಿಕಲರ ಕಾರ್ಡಿಗೆ ಹಿಂದೆ ಒಮ್ಮೆ ಅರ್ಜಿ ಹಾಕಿದ್ದರಂತೆ. ಅಕ್ಷರದ ಚಾರ್ಟ್ ಓದಿಸಿ, "ಕಾಣಿಸುತ್ತಲ್ಲ, ಮತ್ತೇನು?" ಎಂದು ವಾಪಸ್ ಕಳಿಸಿದ್ದರು. ಇದು ಆರ್‌ಪಿಯವರಿಗೆ ಆಗುವ ದೊಡ್ಡ ಅನ್ಯಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿದೆ. ಅಕ್ಷರ ಎಷ್ಟೇ ಓದಲಿ, ನೋಟದ ಅಗಲ 10 ಡಿಗ್ರಿಗಿಂತ ಕಡಿಮೆಯಾದರೆ ಅದು ಅಂಧತ್ವವೇ. 6/18 ಓದುವ ಮನುಷ್ಯ ಎದುರಿನ ಬೋರ್ಡ್ ಓದುತ್ತಾ ಪಕ್ಕದ ಚರಂಡಿಗೆ ಬೀಳಬಹುದು. ಈ ಸಲ ನೋಟದ ಅಗಲ ಅಳೆಯುವ ಫೀಲ್ಡ್ ಟೆಸ್ಟ್ ವರದಿ ಜೊತೆಗಿಟ್ಟೇ ಅರ್ಜಿ ಹಾಕಿಸಿದೆವು. ಅಂಗವಿಕಲರ ಯುಡಿಐಡಿ ಕಾರ್ಡ್ ಬಂತು. ಆರ್‌ಪಿ ಇರುವ ಯಾರೇ ಓದುತ್ತಿದ್ದರೂ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ಚಾರ್ಟ್ ಒಂದರ ಮೇಲೆ ನಿಮ್ಮನ್ನು ವಾಪಸ್ ಕಳಿಸಲು ಬಿಡಬೇಡಿ, ಫೀಲ್ಡ್ ಟೆಸ್ಟ್ ಕೇಳಿ.

ಎರಡು ಎಕರೆ ಹಾಗೇ ಇದೆ. ಹನಿ ಔಷಧಿ ಮುಂದುವರಿದಿದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ. ತಂಗಿ ಕುಶಾಲನಗರದಲ್ಲಿದ್ದಾರೆ. ಅವರೂ ಇಷ್ಟು ವರ್ಷ ಯಾರಿಗೂ ಕಣ್ಣು ತೋರಿಸಿರಲಿಲ್ಲ. ಬಿಸಿಲಿಗೆ ಹೋದರೆ ಬರೀ ಬಿಳಿ ಎಂದು ಅವರೂ ಹೇಳುತ್ತಿದ್ದಾರೆ. ಮುಂದಿನ ವಾರ ಅಣ್ಣನೇ ಅವರನ್ನು ಕರೆದುಕೊಂಡು ಬರುತ್ತಿದ್ದಾರೆ.